ನಲವತ್ತೆಂಟು ಕಿಲೋ ಹೊಟ್ಟೆಕಿಚ್ಚು

ಥೌಬಾಲ್
9 ಮಾರ್ಚ್ 2003

ಪ್ರೀತಿಯ ತಂಫಾ,

ಹೊರದೇಶದಿಂದ ಬೆಳ್ಳಿ ಪದಕ ಹೊತ್ತು ತಂದವಳಿಗೆ ಥೌಬಾಲಿನಿಂದ ಒಂದು ಹಿತ್ತಾಳೆಯ ಅಭಿನಂದನೆ. ತಿಕ್ಕಿದರೆ ಹೊಳೆಯುತ್ತೆ. ತಿಕ್ಕುವ ಕೆಲಸ ನಿನ್ನದು.

ನಮ್ಮ ಇಮಾ ನನ್ನನ್ನು ಹೆತ್ತವಳು. ಇದರಲ್ಲಿ ನನಗೆ ಇತ್ತೀಚೆಗೆ ಅನುಮಾನ ಶುರುವಾಗಿದೆ. ಪೇಪರಿನಲ್ಲಿ ಬಂದ ನಿನ್ನ ಫೋಟೋ ಕತ್ತರಿಸಿ, ಅನ್ನದ ಅಗುಳಿನ ಅಂಟು ಮಾಡಿ, ಒಲೆಯ ಎದುರಿನ ಗೋಡೆಗೆ ಅಂಟಿಸಿದ್ದಾಳೆ. ನನ್ನ ಬಿ.ಎ. ಸರ್ಟಿಫಿಕೇಟು ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಸಂಸಾರ ಮಾಡುತ್ತಿದೆ. ಮೀನು ಹುರಿಯುತ್ತಾ ನಿನ್ನನ್ನೇ ನೋಡುತ್ತಾಳೆ.

"ಶನಿವಾರ ಭಾನುವಾರ ಅಂದ್ರೆ ನಮ್ಮನೇಲೇ ಅಲ್ವೇನೆ ಆ ಹುಡುಗಿ ಊಟ ಮಾಡ್ತಿದ್ದಿದ್ದು? ನಾನು ಹಾಕಿದ ಅನ್ನ ಕಣೆ ಅಲ್ಲಿ ಹೋಗಿ ಗುದ್ದಿದ್ದು."

"ನಾನೂ ಅದೇ ಅನ್ನ ತಿಂದೆನಲ್ಲ ಇಮಾ?"

"ನೀನು ತಿಂದಿದ್ದೆಲ್ಲ ನಾಲಿಗೆಗೆ ಹೋಯ್ತು."

ನೋಡು, ಪದಕಕ್ಕೂ ಪದಕ್ಕೂ ಒಂದೇ ಅಕ್ಷರದ ಅಂತರ. ಆ ಒಂದು ನಿನಗೆ ಹೋಯಿತು. ನನಗೆ ಪದಗಳು ಉಳಿದವು. ಅವನ್ನೇ ಇಟ್ಟುಕೊಂಡು ಐದನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ.

ಈಗ ಸುದ್ದಿ. ಜನವರಿಯಿಂದ ಮತ್ತೆ ಇಂಫಾಲಕ್ಕೆ, ನಮ್ಮ ಕ್ಲಬ್ಬಿಗೆ ಹೋಗುತ್ತಿದ್ದೇನೆ. ನಮ್ಮ ಗುರುಗಳು, ಓಜಾ ನಬಕುಮಾರ್, ಬಾಗಿಲಲ್ಲಿ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಬಿಟ್ಟು ಮೂರು ವರ್ಷ ಆಯ್ತಲ್ಲಮ್ಮ ಮೇಮ್ಚಾ?"

"ಬಿಟ್ಟಿಲ್ಲ ಓಜಾ. ನಡುವೆ ಒಂದ್ಸಲ ಉಸಿರು ತಗೊಂಡೆ."

"ಜೋರಾಗೇ ತಗೊಂಡಿದೀಯ. ಸೊಂಟದ ಸುತ್ತ ಕಾಣ್ತಿದೆ."

ನಗಬೇಡ. ಸೆಪ್ಟೆಂಬರಿನಲ್ಲಿ ರಾಜ್ಯದ ಪಂದ್ಯಾವಳಿ. ನಾನು ನಲವತ್ತೆಂಟು ಕಿಲೋ ವಿಭಾಗದಲ್ಲಿ ಇಳಿಯುತ್ತೇನೆ. ನೀನೂ ಅಲ್ಲೇ ಇದ್ದೀಯ. ಒಂದು ತೂಕಕ್ಕೆ ಮಣಿಪುರದಿಂದ ಒಬ್ಬಳೇ ಹೋಗೋದು. ನನಗೀಗ ಇಪ್ಪತ್ತೇಳು, ಇದಾದ ಮೇಲೆ ಯಾವ ಓಜಾನೂ ನನ್ನ ಕೈಗೆ ಪಟ್ಟಿ ಸುತ್ತಲ್ಲ. ಕ್ಲಬ್ಬಿನ ತಾಲೀಮಿನಲ್ಲಿ ನಾವು ನೂರು ಸಲ ಗುದ್ದಾಡಿದ್ದೇವೆ. ಗಂಟೆ ಹೊಡೆದು, ಲೆಕ್ಕ ಇಟ್ಟು, ಜನ ನೋಡುವ ಹಾಗೆ ಒಂದು ಸಲವೂ ಇಲ್ಲ. ಅದೊಂದು ಸಲ ಬೇಕು ನನಗೆ. ಬರ್ತೀಯಲ್ಲ?

ನಿನ್ನ ಇಚೆ
ಮೇಮ್ಚಾ

*

ಹಿಸಾರ್ ಶಿಬಿರ
2 ಏಪ್ರಿಲ್ 2003

ಇಚೆ,

ನಿನ್ನ ಕಾಗದ ಓದಿ ನಗುತ್ತಿದ್ದೆ. ರೂಮಿನ ಹುಡುಗಿಯರು ಏನಾಯಿತು ಅಂದರು. ಇಚೆ ಅಂದರೆ ಅಕ್ಕ, ಕ್ಲಬ್ಬಿನ ಅಕ್ಕ ಬರೆದಿದ್ದಾಳೆ ಅಂದೆ. ಆಮೇಲೆ ನೋಯತೊಡಗಿತು. ನಿನ್ನ ಗುದ್ದೂ ಹಾಗೇ ಇತ್ತು, ಬಿದ್ದಾಗ ಗೊತ್ತಾಗದು, ಮನೆಗೆ ಹೋಗಿ ಹಲ್ಲುಜ್ಜುವಾಗ ಗೊತ್ತಾಗುತ್ತಿತ್ತು.

ನನಗೆ ನಿನ್ನ ಹಾಗೆ ಬರೆಯೋದು ಬರುತ್ತೆ ಅಂದುಕೋಬೇಡ. ನಾನು ಹತ್ತನೇ ಕ್ಲಾಸು.

ಪದಕ ಅಂದೆಯಲ್ಲ. ಅಲ್ಲಿ ನಮಗೆ ಕೊಟ್ಟ ಅಂಗಿಗಳು ಗಂಡಸರ ಅಳತೆಯವು. ನನ್ನದು ಮೊಣಕಾಲು ಮುಟ್ಟುತ್ತಿತ್ತು. ಹೋಟೆಲಿನಲ್ಲಿ ಸೂಜಿ ಬೇಡಿ ರಾತ್ರಿ ಕೂತು ಹೊಲಿದೆ. ಫೈನಲ್‌ನಲ್ಲಿ ಎದುರಿಗೆ ಬಂದವಳಿಗೆ ಬೆವರು ಒರೆಸಲು ಒಬ್ಬಳು, ನೀರು ಹಿಡಿಯಲು ಒಬ್ಬಳು. ನನ್ನ ಮೂಲೆಯಲ್ಲಿದ್ದ ಸಾಹೇಬರು ನನ್ನ ಹೆಸರು ಮರೆತು "ಮಣಿಪುರ್, ಮಣಿಪುರ್" ಅಂತ ಕೂಗುತ್ತಿದ್ದರು. ಇಡೀ ಮಣಿಪುರಕ್ಕೆ ಒಂದೇ ಮೂಗು ಇದ್ದ ಹಾಗೆ ಎಲ್ಲ ಏಟೂ ನನ್ನ ಮೂಗಿಗೇ ಬಿತ್ತು. ಪೇಪರಿನವರು ಇದನ್ನು ಬರೆದಿಲ್ಲ.

ಇಲ್ಲಿ ಎಲ್ಲಾ ಹಾಲು ಇಚೆ. ಬೆಳಿಗ್ಗೆ ಹಾಲು, ಮಧ್ಯಾಹ್ನ ಮೊಸರು, ರಾತ್ರಿ ಮತ್ತೆ ಹಾಲು. ಒಂದು ಚೂರು ಹುದುಗಿಸಿದ ಮೀನು ಸಿಕ್ಕರೆ ಬೆಳ್ಳಿ ಕೊಟ್ಟುಬಿಡುತ್ತೇನೆ.

ಸೆಪ್ಟೆಂಬರಿಗೆ ಬರುತ್ತೇನೆ. ಆದರೆ ಇಲ್ಲಿನ ಸಾಹೇಬರು ನನ್ನನ್ನು ಐವತ್ತೊಂದಕ್ಕೆ ಏರು ಅಂದಿದ್ದಾರೆ. ಅದಕ್ಕೇ ತಿನ್ನುತ್ತಿದ್ದೇನೆ. ನೀನು ನೆಮ್ಮದಿಯಾಗಿ ನಲವತ್ತೆಂಟರಲ್ಲಿ ಆಡು. ಆ ಜಾಗ ನಿನಗೆ ಬಿಟ್ಟಿದ್ದೇನೆ ಅಂದುಕೋ.

ಇಮಾಗೆ ನನ್ನ ನಮಸ್ಕಾರ. ಓಜಾ ಏನಾದರೂ ಕೇಳಿದರಾ ನನ್ನ ಬಗ್ಗೆ?

ತಂಫಾ

*

ಥೌಬಾಲ್
25 ಏಪ್ರಿಲ್ 2003

ತಂಫಾ,

"ಬಿಟ್ಟಿದ್ದೇನೆ" ಅಂದೆಯಲ್ಲ, ಎಂಥ ಮಾತು! ಬಸ್ಸಿನಲ್ಲಿ ಮುದುಕಿಗೆ ಸೀಟು ಬಿಡ್ತಾರೆ. ದೇವರ ಹೆಸರಲ್ಲಿ ಹೋರಿ ಬಿಡ್ತಾರೆ. ಗುದ್ದಾಟಕ್ಕೆ ಕರೆದವಳಿಗೆ ಜಾಗ ಬಿಟ್ಟವಳು ನೀನೊಬ್ಬಳೇ ಇರಬೇಕು. ಅದರಲ್ಲೂ ನೀನು ಮೊದಲಿಗಳು ಬಿಡು.

ನನಗೆ ಭಿಕ್ಷೆ ಬೇಡ. ಭಿಕ್ಷೆ ಹಾಕುವ ಕೈಗೆ ಗ್ಲೌಸ್ ಇದ್ದರೂ ಅದು ಭಿಕ್ಷೆಯೇ.

ನೀನು ಮರೆತಿದ್ದರೆ ನೆನಪಿಸುತ್ತೇನೆ, ಮೇಷ್ಟರಾದವರಿಗೆ ಅದೊಂದು ಚಟ. ಎರಡು ಸಾವಿರದ ಇಸವಿ. ಹೆಂಗಸರ ಬಾಕ್ಸಿಂಗ್ ಅಂತ ಒಂದು ಇದೆಯಂತೆ, ತಂಡ ಆರಿಸ್ತಾರಂತೆ ಅಂತ ಓಜಾ ಬಂದು ಹೇಳಿದರು. ಕ್ಲಬ್ಬಿನಲ್ಲಿ ನಾವಿಬ್ಬರೇ ಹುಡುಗಿಯರು. ಹುಡುಗರ ಗ್ಲೌಸಿಗೆ ಬಟ್ಟೆ ತುರುಕಿಕೊಂಡು ಗುದ್ದುತ್ತಿದ್ದೆವು. ನಿಮ್ಮ ಅಪ್ಪನಿಗೆ ನೀನು ಓಟದ ಅಭ್ಯಾಸಕ್ಕೆ ಹೋಗ್ತಿದೀಯ ಅಂತ ನಂಬಿಸಿದ್ದು ನಾನು. ಊದಿದ ತುಟಿ ನೋಡಿ ಅಪ್ಪ ಕೇಳಿದಾಗ "ಓಡುವಾಗ ಬಿದ್ದಳು ಪಾಬುಂಗ್" ಅಂದೆ. "ಬಾಯಿಂದ ಓಡ್ತಾಳಾ?" ಅಂತ ಕೇಳಿದ್ದರು ಆ ಮಹಾನುಭಾವರು. ತಾಲೀಮಿನಲ್ಲಿ ನಿನ್ನನ್ನು ಹಗ್ಗಕ್ಕೆ ಒರಗಿಸುತ್ತಿದ್ದವಳು ಯಾರು? ನಿನಗಿಂತ ಮುಂಚೆ ಓಜಾ ಬರೆದುಕೊಟ್ಟಿದ್ದು ಯಾರ ಹೆಸರು?

ಆರಿಸುವ ದಿನ ಹೆದ್ದಾರಿ ಬಂದ್. ಯಾವ ಸಂಘಟನೆ, ಯಾವ ಬೇಡಿಕೆ ಅಂತ ಈಗ ಯಾರಿಗೂ ನೆನಪಿಲ್ಲ, ಕರೆದವರಿಗೂ ಇರಲಿಕ್ಕಿಲ್ಲ. ಥೌಬಾಲಿನ ಸೇತುವೆಯ ಹತ್ತಿರ ಟೈರು ಉರಿಯುತ್ತಿತ್ತು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊಗೆ ನೋಡುತ್ತಾ ಮಧ್ಯಾಹ್ನದ ತನಕ ನಿಂತೆ. ನೀನು ಇಂಫಾಲದಲ್ಲೇ ಇದ್ದವಳು, ಎರಡು ಓಣಿ ದಾಟಿ ನಡೆದುಕೊಂಡು ಹೋದೆ. ನಲವತ್ತೆಂಟಕ್ಕೆ ಹಾಜರಿದ್ದವಳು ಒಬ್ಬಳೇ, ಆರಿಸಿದ್ದೂ ಅವಳನ್ನೇ. ನನಗೆ ಬಂದ್ ಬಂತು, ನಿನಗೆ ಬಾಗಿಲು ತೆರೀತು. ಆಮೇಲೆ ನಮ್ಮ ಅಪ್ಪ ಹಾಸಿಗೆ ಹಿಡಿದರು, ನಾನು ಶಾಲೆ ಹಿಡಿದೆ, ನೀನು ವಿಮಾನ ಹಿಡಿದೆ.

ಮೂರು ವರ್ಷದಿಂದ ನಿನ್ನ ಒಂದೊಂದು ಫೋಟೋ ಬಂದಾಗಲೂ ನನ್ನ ಹೊಟ್ಟೆಯೊಳಗೆ ಆ ಟೈರು ಉರಿಯುತ್ತೆ. ಅದರ ವಾಸನೆ ನಿನಗೆ ಗೊತ್ತಿಲ್ಲ.

ಸಾಹೇಬರ ಮಾತು ಕೇಳಿ ತೂಕ ಏರಿಸಿಕೋ. ನಿನ್ನ ಮಾತಿನ ತೂಕ ಮಾತ್ರ ಇಳಿದಿದೆ.

ಮೇಮ್ಚಾ

*

ಹಿಸಾರ್
20 ಮೇ 2003

ಇಚೆ,

ನಿನ್ನ ಕಾಗದಕ್ಕೆ ಉತ್ತರ ಬರೆದು ಹರಿದೆ. ಮತ್ತೆ ಬರೆದು ಹರಿದೆ. ಇದು ಹರಿಯದೆ ಉಳಿದದ್ದು.

ನಿನಗೆ ಹೊಟ್ಟೆಕಿಚ್ಚು ಅಂತ ನನಗೆ ಗೊತ್ತಿತ್ತು. ನನಗೂ ಇದೆ ಅಂತ ನಿನಗೆ ಗೊತ್ತಿಲ್ಲ. ಅದನ್ನು ಹೇಳುತ್ತೇನೆ.

ಬೆಳಿಗ್ಗೆ ಐದಕ್ಕೆ ಇಲ್ಲಿ ಸೀಟಿ ಊದುತ್ತಾರೆ. ಓಡುತ್ತೇವೆ. ಆ ಹೊತ್ತಿಗೆ ಅಲ್ಲಿ ಓಜಾ ಶೆಡ್ಡಿನ ಬೀಗ ತೆಗೆಯುತ್ತಿರುತ್ತಾರೆ, ನೀನು ಮೊದಲ ಬಸ್ಸಿಗೆ ಬಂದು ಇಳಿದಿರುತ್ತೀಯ, ಅವರು ನಿನ್ನ ಕೈಗೆ ಪಟ್ಟಿ ಸುತ್ತುತ್ತಿರುತ್ತಾರೆ. ಹೆಬ್ಬೆರಳಿಂದ ಶುರು ಮಾಡಿ, ಮಧ್ಯದಲ್ಲಿ ಒಂದು ಸಲ ಗಂಟು ಒತ್ತಿ "ನೋವಾ?" ಅಂತ ಕೇಳುತ್ತಾರಲ್ಲ. ಇಲ್ಲಿ ನನ್ನ ಕೈಗೆ ನಾನೇ ಸುತ್ತಿಕೊಳ್ಳುತ್ತೇನೆ. ಮೂರು ವರ್ಷದಲ್ಲಿ ಓಜಾ ನನಗೆ ಒಂದು ಸಾಲು ಬರೆದಿಲ್ಲ. ಬೆಳ್ಳಿ ಬಂದಾಗಲೂ ಇಲ್ಲ. ನೀನು ಹೋಗಿ ಬಾಗಿಲಲ್ಲಿ ನಿಂತ ದಿನ ನಿನ್ನ ಸೊಂಟದ ಬಗ್ಗೆ ಮಾತಾಡಿದರು.

ನಿನ್ನ ಕಾಗದದಲ್ಲಿ ಬೇರೆ ಎಲ್ಲ ಮರೆತೆ. ಆ ಸೊಂಟದ ಮಾತು ಮರೆಯಲಾಗಲಿಲ್ಲ.

ಬಂದ್ ನಾನು ಕರೆದಿದ್ದಲ್ಲ ಇಚೆ.

ತಂಫಾ

*

ಥೌಬಾಲ್
30 ಜೂನ್ 2003

ತಂಫಾ,

ಶಾಲೆಗೆ ರಜೆ ಮುಗಿಯಿತು, ನನ್ನ ಉಪವಾಸ ಶುರುವಾಯಿತು. ಬೆಳಿಗ್ಗೆ ಗಂಜಿಯ ತಿಳಿ, ರಾತ್ರಿ ಬೇಯಿಸಿದ ಸೊಪ್ಪು. ನಲವತ್ತೆಂಟರ ಮುಳ್ಳಿಗೆ ಇನ್ನು ಕೂದಲೆಳೆ ಬಾಕಿ. ಇಮಾ ನನ್ನ ಕೆನ್ನೆ ಹಿಂಡಿ "ಒಣಮೀನಾಗ್ತಿದೀಯ ಕಣೆ, ಮಾರುಕಟ್ಟೇಲಿ ಯಾರಾದ್ರೂ ತೂಕಕ್ಕೆ ಹಾಕ್ಬಿಡ್ತಾರೆ" ಅನ್ನುತ್ತಾಳೆ.

ನಿನ್ನ ಐವತ್ತೊಂದು ಹೇಗಿದೆ? ತುಪ್ಪ ಗಿಪ್ಪ ತಿನ್ನುತ್ತಿದ್ದೀಯ ತಾನೆ? ಸುಮ್ಮನೆ ಕೇಳಿದೆ.

ಓಜಾ ನಿನ್ನ ಸುದ್ದಿ ಎತ್ತಿಲ್ಲ. ನಾನೂ ಎತ್ತಿಲ್ಲ.

ಮೇಮ್ಚಾ

*

ಹಿಸಾರ್
3 ಆಗಸ್ಟ್ 2003

ಇಚೆ,

ತುಪ್ಪ ತಿನ್ನುತ್ತಿದ್ದೇನೆ. ರೊಟ್ಟಿಗೆ ಹಚ್ಚಿ, ಅನ್ನಕ್ಕೆ ಕಲಸಿ. ನನ್ನ ಹಳೆಯ ಚಡ್ಡಿ ಹಿಡಿಯುತ್ತಿಲ್ಲ. ಐವತ್ತೊಂದಕ್ಕೆ ಗಟ್ಟಿಯಾಗಿ ನಿಂತಿದ್ದೇನೆ. ನಿನ್ನ ನಲವತ್ತೆಂಟು ಬಿಡಬೇಡ.

ಪಂದ್ಯದ ಹಿಂದಿನ ದಿನ ನೇರವಾಗಿ ಕ್ರೀಡಾಂಗಣಕ್ಕೇ ಬರುತ್ತೇನೆ.

ತಂಫಾ

*

ಥೌಬಾಲ್
14 ಸೆಪ್ಟೆಂಬರ್ 2003

ಸುಳ್ಳಿಯೇ,

ಇಂಫಾಲದಲ್ಲಿ ನಿಮ್ಮಪ್ಪನ ಮನೆಯಲ್ಲಿ ನೀನಿದ್ದೀಯ, ಇಲ್ಲಿ ನಮ್ಮಮ್ಮನ ಮನೆಯಲ್ಲಿ ನಾನಿದ್ದೇನೆ, ನಡುವೆ ಒಂದು ಬಸ್ಸಿನ ದೂರ. ಆದರೂ ಕಾಗದವೇ ಬರೆಯುತ್ತೇನೆ. ಎದುರಿಗೆ ಬಂದರೆ ನಗು ಬರುತ್ತೆ, ನಗಲು ನನಗೆ ಇಷ್ಟವಿಲ್ಲ.

ನಿನ್ನ ಕಡೆಯ ಕತೆ ನಿನಗೆ ಗೊತ್ತು. ನನ್ನ ಕಡೆಯದು ಕೇಳು.

ನೀನು ಐವತ್ತೊಂದಕ್ಕೆ ಏರುತ್ತೇನೆ ಅಂದ ದಿನವೇ ನಿರ್ಧರಿಸಿದೆ. ಓಡುವವಳನ್ನು ಅಟ್ಟಿಸಿಕೊಂಡು ಹೋಗಬೇಕು. ಗಂಜಿಯ ತಿಳಿ ಅಂತ ನಿನಗೆ ಬರೆದ ದಿನ ನಾನು ತಿಂದದ್ದು ಎರಡು ತಟ್ಟೆ ಅನ್ನ, ಹುದುಗಿಸಿದ ಮೀನಿನ ಎರೋಂಬ, ಮೇಲೆ ಬಾಳೆಹಣ್ಣು. ಇಮಾ ಒಣಮೀನು ಅಂದಿದ್ದೂ ಸುಳ್ಳು. ಅವಳು ಅಂದಿದ್ದು "ಪಾತ್ರೇನಾದ್ರೂ ಬಿಡೆ" ಅಂತ. ನಿಜ ಬರೆದರೆ ನೀನು ಐವತ್ನಾಲ್ಕಕ್ಕೆ ಹಾರುತ್ತೀಯ ಅಂತ ಭಯ. ಓಜಾಗೆ ಮಾತ್ರ ಹೇಳಿದ್ದೆ. "ನಿನ್ನಿಷ್ಟ. ಗುದ್ದು ಏರಿದರೆ ಸಾಕು, ಹೊಟ್ಟೆ ಏರಿದರೆ ಏರಲಿ" ಅಂದರು.

ಪಂದ್ಯದ ದಿನ ಬೆಳಿಗ್ಗೆ ತೂಕ ಹಾಕುವ ಕೋಣೆಯ ಹೊರಗೆ ಐವತ್ತೊಂದರ ಹುಡುಗಿಯರ ಸಾಲು. ನಾನು ತುದಿಯಲ್ಲಿ ನಿಂತು ಕತ್ತು ಉದ್ದ ಮಾಡಿ ನಿನ್ನನ್ನು ಹುಡುಕುತ್ತಿದ್ದೇನೆ. ತಂಫಾ ಬರ್ತಾಳೆ, ನನ್ನನ್ನು ಈ ಸಾಲಿನಲ್ಲಿ ನೋಡ್ತಾಳೆ, ಅವಳ ಮುಖ ನಾನು ನೋಡ್ತೀನಿ. ಅದಕ್ಕೋಸ್ಕರ ನಾಲ್ಕು ತಿಂಗಳು ತಿಂದಿದ್ದೆ.

ಆಗ ಒಳಗಿನಿಂದ, ನಲವತ್ತೆಂಟರವರ ತೂಕ ಮುಗಿದು ಬಾಗಿಲು ತೆರೆಯಿತು. ಬಂದವಳು ಯಾರು? ಕೆನ್ನೆ ಒಳಗೆ ಹೋಗಿದೆ, ತುಟಿ ಒಡೆದಿದೆ, ತೂಕ ಇಳಿಸಲು ಉಗುಳಿ ಉಗುಳಿ ಬಾಯಲ್ಲಿ ಪಸೆಯಿಲ್ಲ, ಬಟ್ಟೆ ಒಣಹಾಕುವ ಗಳುವಿಗೆ ಟವೆಲ್ ಸುತ್ತಿದ ಹಾಗೆ.

"ಇಚೆ! ನೀನ್ಯಾಕೆ ಈ ಸಾಲಲ್ಲಿ?"

"ನೀನ್ಯಾಕೆ ಆ ಬಾಗಿಲಲ್ಲಿ?"

"ನಿನ್ನ ಜೊತೆ ಆಡೋಕೆ ಇಳಿದೆ!"

"ನಿನ್ನ ಜೊತೆ ಆಡೋಕೆ ಏರಿದೆ!"

ತೂಕದವರು "ಮಾತಾಡೋರು ಆಚೆ ಹೋಗಿ, ಇದು ಮೀನಿನ ಮಾರುಕಟ್ಟೆ ಅಲ್ಲ" ಅಂದರು. ಓಜಾ ಅಲ್ಲೇ ಬೆಂಚಿನ ಮೇಲೆ ಕೂತು ಮುಖಕ್ಕೆ ಟವೆಲ್ ಮುಚ್ಚಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ. ಭುಜ ನೋಡಿದ ಮೇಲೆ ಗೊತ್ತಾಯಿತು, ಗುರುಗಳು ನಗುತ್ತಿದ್ದಾರೆ.

ಆಮೇಲಿನದು ಇಡೀ ಮಣಿಪುರಕ್ಕೆ ಗೊತ್ತು. ನಲವತ್ತೆಂಟರಲ್ಲಿ ನಿನಗೆ ಚಿನ್ನ, ಐವತ್ತೊಂದರಲ್ಲಿ ನನಗೆ ಚಿನ್ನ. ಇಬ್ಬರೂ ರಾಷ್ಟ್ರೀಯ ಪಂದ್ಯಕ್ಕೆ. ಪೇಪರಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ನಿಂತಿದ್ದೇವೆ, ನಾನು ನಿನ್ನ ಪಕ್ಕ ದಿಂಬಿನ ಹಾಗೆ ಕಾಣುತ್ತೇನೆ. ಶಾಲೆಯಲ್ಲಿ ಹೂಮಾಲೆ ಹಾಕಿದರು. ಹೆಡ್ಮಾಸ್ಟರು ಇಪ್ಪತ್ತು ನಿಮಿಷ ಭಾಷಣ ಮಾಡಿ ನನ್ನನ್ನು ಕರಾಟೆ ಪಟು ಅಂದರು.

ಎಲ್ಲಾ ಸಿಕ್ಕಿತು. ಬೇಕಾದ್ದು ಸಿಗಲಿಲ್ಲ. ಐವತ್ತೊಂದರಲ್ಲಿ ನಾನು ಸೋಲಿಸಿದ ಒಬ್ಬೊಬ್ಬ ಹುಡುಗಿಯ ಮುಖದಲ್ಲೂ ನಿನ್ನ ಮೂಗು ಹುಡುಕಿದೆ. ರಾತ್ರಿ ಚಿನ್ನವನ್ನು ಮುಷ್ಟಿಯಲ್ಲಿ ಹಿಡಿದು ಮಲಗಿ ಅದೇ ಹಳೆ ಲೆಕ್ಕ ಹಾಕಿದೆ. ಅವತ್ತು ಬಂದ್ ಇಲ್ಲದಿದ್ದರೆ?

ನೀನು ಹಿಸಾರಿಗೆ ಹೋಗುವ ಮುಂಚೆ, ಭಾನುವಾರ ಬೆಳಿಗ್ಗೆ, ಕ್ಲಬ್ಬಿಗೆ ಬಾ. ಜನ ಬೇಡ, ಪೇಪರ್ ಬೇಡ, ತಕ್ಕಡಿಯೂ ಬೇಡ. ಗಂಟೆ ಒಂದಿದ್ದರೆ ಸಾಕು.

ಮೇಮ್ಚಾ

*

ಇಂಫಾಲ
16 ಸೆಪ್ಟೆಂಬರ್ 2003

ಇಚೆ,

ಇದನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಸಾಹೇಬರು ಏರು ಅಂದಿದ್ದು ನಾನು ಕಟ್ಟಿದ ಮಾತು. ನಿನ್ನ ಎದುರು ನಿಲ್ಲಲು ಹೆದರಿಕೆಯಾಯಿತು. ನೀನು ಭಿಕ್ಷೆ ಅಂದ ಮೇಲೆ ಆ ಪದವನ್ನು ಹೊಟ್ಟೆಯಲ್ಲಿಟ್ಟುಕೊಂಡು ತುಪ್ಪ ತಿನ್ನಲಾಗಲಿಲ್ಲ. ಇಳಿಯೋಣ ಅಂದುಕೊಂಡೆ. ಇಳಿದೆ ಅಂತ ಬರೆದರೆ ಮತ್ತೇನಾದರೂ ಅಂತೀಯ, ಅದಕ್ಕೆ ಬರೆಯಲಿಲ್ಲ.

ಈಗ ಮೂರು ದಿನದಿಂದ ತಿನ್ನುತ್ತಿದ್ದೇನೆ, ನಿಜವಾಗಿ.

ಭಾನುವಾರ ಬರುತ್ತೇನೆ. ಆದರೆ ಓಜಾ ಇರಬೇಕು. ಅವರು ನನ್ನ ಕಡೆಯೂ ನೋಡಬೇಕು.

ತಂಫಾ

*

ಥೌಬಾಲ್
29 ಸೆಪ್ಟೆಂಬರ್ 2003

ತಂಫಾ,

ಹಿಸಾರ್ ತಲುಪಿರುತ್ತೀಯ. ಬಲಗಣ್ಣಿನ ಊತ ಇಳಿದಿರಬೇಕು. ನನ್ನ ಪಕ್ಕೆಲುಬಿನದು ಇಳಿದಿಲ್ಲ. ಕಪ್ಪು ಹಲಗೆಯ ಮೇಲೆ ತಲೆಯ ಎತ್ತರದಲ್ಲಿ ಬರೆಯಲಾಗದೆ ಈ ವಾರ ಎಲ್ಲಾ ಪಾಠವನ್ನೂ ಕೆಳಗಿನ ಮೂಲೆಯಲ್ಲೇ ಬರೆದೆ. ಹಿಂದಿನ ಬೆಂಚಿನವರು ಎದ್ದು ನಿಂತು ಓದುತ್ತಾರೆ. ಶಿಸ್ತು ಹೆಚ್ಚಾಗಿದೆ ಅಂತ ಹೆಡ್ಮಾಸ್ಟರಿಗೆ ಖುಷಿ.

ಆ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಮಾತಾಡಲಿಲ್ಲವಲ್ಲ, ಈಗ ಆಡುತ್ತೇನೆ.

ಗಂಟೆಗೆ ಮುಂಚೆ ನೀನು ಬಗ್ಗಿ ನೆಲ ಮುಟ್ಟಿ ನನಗೆ ನಮಸ್ಕಾರ ಮಾಡಿದೆ. ಇಚೆಗೆ ಮಾಡಬೇಕಾದ್ದು. ಎದ್ದು ನಿಂತವಳು ಬೇರೆಯೇ ಒಬ್ಬಳು. ಮೊದಲ ಸುತ್ತಿನಲ್ಲಿ ನನಗೆ ಖುಷಿ. ನನ್ನ ಮೈಯಲ್ಲಿ ನಿನಗಿಂತ ಹೆಚ್ಚು ಮಾಂಸ, ನಿನ್ನ ಮೈಯಲ್ಲಿ ಇನ್ನೂ ಉಪವಾಸ. ಹಳೆಯ ಹಾಗೆ ನಿನ್ನನ್ನು ಹಗ್ಗಕ್ಕೆ ಒರಗಿಸಿದೆ. ನೀನು ಹಳೆಯ ಹಾಗೆ ಒರಗಿದೆ. ಆಮೇಲೆ ಎಲ್ಲಿಂದಲೋ ಆ ಎಡಗೈ ಬಂತು. ನಾನು ಹೊಡೆಯಲು ಯೋಚಿಸುತ್ತೇನೆ, ಅಷ್ಟರಲ್ಲಿ ಅದು ಬಂದು ಹೋಗಿದೆ. ಮನೆಗೆ ಬರುವ ಅಂಚೆಯವನ ಹಾಗೆ, ಬಾಗಿಲು ತೆರೆದರೆ ಕಾಗದ ಇರುತ್ತೆ, ಆಳಿಲ್ಲ. ಎರಡನೇ ಸುತ್ತಿನಲ್ಲಿ ಉತ್ತರ ಹುಡುಕಿದೆ. ಮೂರನೆಯದರಲ್ಲಿ ಪ್ರಶ್ನೆಯೇ ಮರೆತೆ.

ನಮ್ಮ ಕ್ಲಬ್ಬಿನಲ್ಲಿ ಗ್ಲೌಸಿನ ದಾರ ಒಬ್ಬರೇ ಬಿಚ್ಚಿಕೊಳ್ಳಲು ಆಗಲ್ಲ, ಸೋತವರು ಗೆದ್ದವರದನ್ನು ಮೊದಲು ಬಿಚ್ಚಬೇಕು. ಗಂಟೆ ಹೊಡೆದಾಗ ನೀನು ನನ್ನ ಕೈ ಹಿಡಿದು ದಾರ ಎಳೆಯಲು ಬಂದೆ. ಆಗ ನನಗೆ ಬಂದ ಸಿಟ್ಟು ಬಂದ್‌ನ ದಿನ ಬಂದ ಸಿಟ್ಟಿಗಿಂತ ದೊಡ್ಡದು. ನಿನ್ನ ಕೈ ತಳ್ಳಿದೆ. ನಿನ್ನ ದಾರವನ್ನು ಹಲ್ಲಲ್ಲಿ ಕಚ್ಚಿ ಬಿಚ್ಚಿದೆ. ಗ್ಲೌಸ್ ಹಾಕಿದ ಕೈಗೆ ಬೇರೆ ದಾರಿ ಇರಲಿಲ್ಲ. ಅದರ ಉಪ್ಪು ಇನ್ನೂ ಬಾಯಲ್ಲಿದೆ.

ಅಷ್ಟಾದ ಮೇಲೆ ಓಜಾ. ನಿನಗೆ ಬೇಕಿದ್ದದ್ದು ಸಿಕ್ಕಿತು ಬಿಡು. ನೇರ ನಿನ್ನ ಹತ್ತಿರ ಬಂದರು.

"ಆ ಬಲಭುಜ ಯಾಕೆ ಬೀಳ್ತಿದೆ? ಅಲ್ಲಿ ಹಾಲು ಕುಡಿಸಿ ಕುಡಿಸಿ ಕರು ಮಾಡಿದಾರಾ? ಕಾಲು ಎಲ್ಲಿತ್ತು? ಇಂಫಾಲದಲ್ಲಿ ನಿಂತು ಥೌಬಾಲಲ್ಲಿ ಕಾಲು ಇಟ್ಟಿದ್ಯಲ್ಲ! ಬೆಳ್ಳಿ ತಂದ್ಬಿಟ್ರೆ ಆಯ್ತಾ? ಮತ್ತೊಂದ್ಸಲ ಹೀಗೆ ಆಡಿದ್ರೆ ಈ ಶೆಡ್ಡಿನ ಮೆಟ್ಟಿಲು ಹತ್ಬೇಡ!"

ಬೈದರು, ಬೈದರು, ಶೆಡ್ಡಿನ ತಗಡು ನಡುಗುವಷ್ಟು. ನೀನು ತಲೆ ತಗ್ಗಿಸಿ ನಿಂತಿದ್ದೆ, ಊದಿದ ಕಣ್ಣಿನ ಕೆಳಗೆ ಬಾಯಿ ಕಿವಿಯವರೆಗೆ ಹರಡಿತ್ತು. ನಾನು ನೋಡಿದೆ. ಆಮೇಲೆ ಅವರು ನನ್ನ ಕಡೆ ತಿರುಗಿ, ಹೆಗಲು ತಟ್ಟಿ, ಮೆತ್ತಗೆ ಅಂದರು: "ಚೆನ್ನಾಗಿ ಆಡಿದೆಯಮ್ಮ."

ಅಷ್ಟೇ.

ತಂಫಾ, ನಾಲ್ಕು ಹೊತ್ತು ಮಕ್ಕಳಿಗೆ ಮಾರ್ಕು ಕೊಡುವವಳು ನಾನು. ಯಾರಿಗೆ ಬೈಯುತ್ತೇವೆ, ಯಾರಿಗೆ ಚೆನ್ನಾಗಿದೆ ಅಂತ ಹೇಳಿ ಮನೆಗೆ ಕಳಿಸುತ್ತೇವೆ ಅಂತ ನನಗೆ ಗೊತ್ತು. ನಿನ್ನ ಎಲ್ಲಾ ಗುದ್ದಿಗಿಂತ ಆ ಮೆತ್ತನೆಯ ಮಾತು ಆಳಕ್ಕೆ ಹೋಯಿತು. ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿ ಕೂತಿದ್ದೆ. ಥೌಬಾಲ್ ಸೇತುವೆ ದಾಟಿದ್ದು ಗೊತ್ತಾಗಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ.

ಅವತ್ತು ರಸ್ತೆ ತೆರೆದಿದ್ದರೆ ಏನಾಗುತ್ತಿತ್ತೋ ಇನ್ನು ಗೊತ್ತಾಗಲ್ಲ. ಬಹುಶಃ ನಾನೇ ಹೋಗುತ್ತಿದ್ದೆ. ಆದರೆ ಇವತ್ತಿನ ನೀನು ಬಂದ್‌ನಿಂದ ಆದವಳಲ್ಲ. ಆ ಎಡಗೈಯನ್ನು ಯಾವ ಸಂಘಟನೆಯೂ ನಿನಗೆ ಕೊಡಿಸಿದ್ದಲ್ಲ. ಇಷ್ಟು ವರ್ಷ ನಿನ್ನ ಅದೃಷ್ಟದ ಮೇಲೆ ಹೊಟ್ಟೆಕಿಚ್ಚುಪಟ್ಟೆ, ಬರೀ ನಷ್ಟ. ಅದೃಷ್ಟವನ್ನು ಎಷ್ಟು ದಿಟ್ಟಿಸಿದರೂ ಕಲಿಯೋಕಾಗಲ್ಲ. ಈಗ ನಿನ್ನ ಎಡಗೈ ಮೇಲೆ ಹೊಟ್ಟೆಕಿಚ್ಚು. ಕಡಿಮೆಯಾಗಿದೆ ಅಂದುಕೋಬೇಡ, ಮೊದಲಿಗಿಂತ ಜೋರಾಗಿದೆ. ಒಳ್ಳೆ ಉರಿ ಇದು, ಹೊಗೆಯಿಲ್ಲ.

ಸೋಮವಾರ ರಜೆ ಹಾಕಿ ಮೊದಲ ಬಸ್ಸಿಗೆ ಹೋದೆ. ಓಜಾ ಬೀಗ ತೆಗೆಯುತ್ತಿದ್ದರು.

"ಏನಮ್ಮ, ಮಲಗಿ ಸುಧಾರಿಸ್ಕೋಬಾರ್ದಿತ್ತಾ?"

"ಓಜಾ, ಆ ಎಡಗೈ ನನಗೂ ಬೇಕು."

"ಇಪ್ಪತ್ತೇಳಾಯ್ತು ನಿನಗೆ."

"ಅದಕ್ಕೇ ಬೇಗ ಬೇಕು."

ಓಜಾ ಒಳಗೆ ಹೋಗಿ ಕೂತರು. ನಾನು ಕನ್ನಡಿಯ ಮುಂದೆ ನಿಂತು, ಪಕ್ಕೆ ಹಿಡಿದುಕೊಂಡು, ಎಡಗೈ ಎಸೆಯುತ್ತಾ ಹೋದೆ. ಒಂದು ವಾರ. ಅವರು ನೋಡಿದರು, ಬೀಡಿ ಸೇದಿದರು, ನೋಡಿದರು. "ಚೆನ್ನಾಗಿದೆ" ಅಂತ ಎಲ್ಲಿ ಹೇಳಿಬಿಡುತ್ತಾರೋ ಅಂತ ನಿಲ್ಲಿಸದೆ ಎಸೆಯುತ್ತಲೇ ಇದ್ದೆ.

ಇವತ್ತು ಬೆಳಿಗ್ಗೆ ಬೀಡಿ ಎಸೆದು ಎದ್ದರು. ನನ್ನ ಮೊಣಕೈ ಹಿಡಿದು ತಿರುಚಿದರು. ಇಡೀ ಓಣಿಗೆ ಕೇಳುವ ಹಾಗೆ ನನ್ನನ್ನು ಬೈದರು.

ನಿನ್ನ ಇಚೆ
ಮೇಮ್ಚಾ